ಬೆನ್ನಿಗೆ ಹಾಕಿದ ಸಿಮೆಂಟು

ಮಗಳು ಹೆರಿಗೆಗೆಂದು ಹಿಟ್ನಾಳಕ್ಕೆ ಬಂದ ವಾರದಲ್ಲೇ ತುಂಬಿದ ಕೊಡ ಎತ್ತಲು ಹೋಗಿ ನನ್ನ ಬೆನ್ನು ಮುರಿಯಿತು. ಮಗ್ಗಲು ಬದಲಿಸಲೂ ಆಗದು. ನೋವಿಗಿಂತ ಹೆಚ್ಚು ಕಾಡಿದ್ದು ಒಂದೇ: ಹುಟ್ಟುವ ಕೂಸಿಗೆ ನೀರು ಎರೆಯುವವರು ಯಾರು? ನನ್ನವ್ವ ಬಚ್ಚಲಲ್ಲಿ ಕಾಲು ಚಾಚಿ ಕೂತು, ಇದೇ ಮಗಳನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎರೆಯುತ್ತಿದ್ದಳು. ಎಣ್ಣೆ ಇಳಿದ ಅವಳ ಕಾಲುಗಳು ಒಲೆಯ ಬೆಳಕಿಗೆ ಮಿರಿಮಿರಿ ಮಿಂಚುತ್ತಿದ್ದವು. ಆ ಸರದಿ ನನಗೆ ಬರಲೆಂದು ಎಷ್ಟು ವರ್ಷ ಕಾದಿದ್ದೆ!

ಕೊಪ್ಪಳದ ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ, ಬೆನ್ನಿನ ಒಂದು ಎಲುಬು ಜಜ್ಜಿಹೋಗಿದೆ, ಟಿವಿಯಂಥ ಪರದೆಯಲ್ಲಿ ನೋಡಿಕೊಳ್ಳುತ್ತ ಸೂಜಿ ಇಳಿಸಿ ಅದರೊಳಗೆ ಸಿಮೆಂಟು ತುಂಬುತ್ತೇವೆ ಎಂದರು. ನನ್ನ ಯಜಮಾನರು ಗೌಂಡಿ. ಹರೆಯದಲ್ಲಿ ಅವರು ಗೋಡೆ ಕಟ್ಟಿದರೆ ನಾನು ತಲೆಯ ಮೇಲೆ ಬುಟ್ಟಿ ಹೊತ್ತು ಕಲಸಿದ ಸಿಮೆಂಟಿನ ಮಾಲು ಕೊಟ್ಟವಳು. ಗಂಗಾವತಿಯಲ್ಲಿ ಬಸ್ಸು ಹಾಯುವಾಗ ಇವತ್ತಿಗೂ "ಅದು ನಮ್ದು, ಇದು ನಮ್ದು" ಎಂದು ಮಂದಿಯ ಮನೆಗಳಿಗೆ ಬೆರಳು ಮಾಡುತ್ತೇವೆ.

"ನೀರು ಎಷ್ಟು ದಿನ ಹೊಡೀಬೇಕ್ರಿ ಸಾಹೇಬ್ರ?" ಎಂದು ಯಜಮಾನರು ಹೊಸ ಗೋಡೆ ನೆನೆಸುವ ಲೆಕ್ಕದಲ್ಲೇ ಕೇಳಿದರು.

ಡಾಕ್ಟರು ನಕ್ಕರು. "ಇದು ನಿಮ್ಮ ಸಿಮೆಂಟ್ ಅಲ್ರಿ ಅಜ್ಜಾರ. ಸ್ವಲ್ಪ ಹೊತ್ತಿನ್ಯಾಗ ತಾನ ಗಟ್ಟಿ ಆಗ್ತೈತಿ."

"ಕೂಸಿಗೆ ಎರೀಬಹುದೇನ್ರಿ?" ಎಂದೆ ನಾನು.

"ಗ್ವಾಡಿಗೆ ಆತು ಕುಂತು ಎರೀರಿ. ಕೊಡ ಮಾತ್ರ ಎತ್ತಬ್ಯಾಡ್ರಿ."

ಬೋರಲು ಮಲಗಿಸಿ, ಬೆನ್ನು ಜೋಮು ಹಿಡಿಸಿ, ಸೂಜಿ ಇಳಿಸಿದರು. ಒತ್ತಿದ್ದಷ್ಟೇ ಗೊತ್ತಾಯಿತು. ಸಂಜೆಗೆ ಎದ್ದು ನಡೆದೆ!

ಆದರೆ ಕೂಸು ಹುಟ್ಟಿ ಮನೆಗೆ ಬಂದರೂ ಯಜಮಾನರು ನನ್ನನ್ನು ಬಚ್ಚಲಿಗೆ ಬಿಡಲಿಲ್ಲ. "ಸ್ಲ್ಯಾಬ್ ಹಾಕಿದ ಮರುದಿನಾನ ಸೆಂಟ್ರಿಂಗ್ ಹಲಗಿ ಬಿಚ್ತಾರೇನ?" ಎನ್ನುವರು.

"ಯಪ್ಪಾ, ಡಾಕ್ಟರಿಗಿಂತ ನೀನ ಶ್ಯಾಣ್ಯಾ ಆದಿ ನೋಡು" ಎಂದು ಮಗಳು ಬೈದರೂ ಕೇಳಲಿಲ್ಲ. ಪಕ್ಕದ ಮನೆಯ ಅಕ್ಕ ಎರೆಯುವಾಗ ನಾನು ಹೊರಸಿನ ಮೇಲೆ ಕೂತು ಕೂಸಿನ ಅಳು ಕೇಳುತ್ತಿದ್ದೆ.

ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ. "ಅದು ದೊಡ್ಡಾಕಿ ಆಗಿ ತಾನ ಎರಕೊಳ್ಳೋಮಟ ಕಾಯ್ಲೇನು?" ಎಂದು ಜಗಳ ತೆಗೆದೆ.

ಯಜಮಾನರು ಹಿಂದೆ ಬಂದು ಕೂತು, ಗೋಡೆಯ ಗಿಲಾವು ಪರೀಕ್ಷಿಸುವ ಹಾಗೆ ಬೆರಳ ಗಂಟಿನಿಂದ ನನ್ನ ಬೆನ್ನನ್ನು ಮೆಲ್ಲಗೆ ತಟ್ಟುತ್ತ ಹೋದರು. ಕಿವಿಯನ್ನೂ ಹತ್ತಿರ ತಂದರು.

"ಟೊಳ್ಳು ಸಪ್ಪಳಿಲ್ಲ. ಹೋಗು, ಎರಿ."

ಗೋಡೆಗೆ ಆತು ಕಾಲು ಚಾಚಿದೆ. ಮಗಳು ಕೂಸನ್ನು ನನ್ನ ಕಾಲ ಮೇಲೆ ಹಾಕಿದಳು. ಏನು ಮೆತ್ತಗೆ, ಏನು ಬೆಚ್ಚಗೆ! ಎಣ್ಣೆ ತಿಕ್ಕಿದೆ, ಅಕ್ಕ ನೀರು ಹಾಕಿದಳು. ಕೂಸು ಓಣಿಗೆಲ್ಲ ಕೇಳುವಂತೆ ಚೀರಿತು, ನಾನು ಅದಕ್ಕಿಂತ ಜೋರಾಗಿ ನಕ್ಕೆ. ನನ್ನ ಕಾಲುಗಳೂ ಅವ್ವನ ಕಾಲುಗಳ ಹಾಗೆಯೇ ಮಿಂಚುತ್ತಿದ್ದವು.

ಬಾಗಿಲಲ್ಲಿ ನಿಂತಿದ್ದ ಯಜಮಾನರು ಅಕ್ಕನಿಗೆ ಹೇಳಿದರು: "ಆಕಿ ಬೆನ್ನಿಗೂ ಒಂದು ಚರಿಗಿ ನೀರು ಹೊಡಿಯವಾ. ಯಾವುದಕ್ಕೂ ಇರ್ಲಿ."