ಹಾಳೆಗೊಂದು ಬೊಗಸೆ

ಬೆಳಗಿನ ಐದೂವರೆ. ಸೇಡಂ ಸ್ಟೇಷನ್ನಿನಿಂದ ಗೂಡ್ಸ್ ಗಾಡಿಯೊಂದು ಏದುಸಿರು ಬಿಡುತ್ತ ವಾಡಿಯ ಕಡೆ ಹೊರಟಿದೆ. ಬೇಳೆ ಗಿರಣಿಯ ಶೆಟರ್ ಅರ್ಧ ಮಾತ್ರ ಎದ್ದಿದೆ. ಅದರಡಿ ಬಗ್ಗಿ ಒಳಹೋಗುವ ಅನಸುಬಾಯಿ ಮೊದಲು ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಳ್ಳುತ್ತಾರೆ, ಆಮೇಲೆ ಗುಂಡಿ ಒತ್ತುತ್ತಾರೆ. ಆಳೆತ್ತರದ ಯಂತ್ರ ಗುಡುಗಿ ಎಚ್ಚರಾಗುತ್ತದೆ. ಮೇಲಿನಿಂದ ತೊಗರಿ ಬೇಳೆ ಧಾರೆಯಾಗಿ ಇಳಿಯುತ್ತಿದ್ದಂತೆ ಒಳಗಿನ ಕ್ಯಾಮೆರಾಗಳು ಒಂದೊಂದು ಬೇಳೆಯನ್ನೂ ದಿಟ್ಟಿಸುತ್ತವೆ. ಕರಿಕಾಳು ಕಂಡಲ್ಲಿ ಫಟ್ಟೆಂದು ಗಾಳಿ ಊದಿ ಅತ್ತ ಹಾರಿಸುತ್ತವೆ. ಗಿರಣಿಯವರು ಇದನ್ನು ಸಾರ್ಟೆಕ್ಸ್ ಎನ್ನುತ್ತಾರೆ. ಅನಸುಬಾಯಿ ಕರೆಯುವುದು ಬೀಗತಿ ಎಂದು.

"ಬರೀ ತಪ್ಪ ಹುಡಕೋದೇ ಕೆಲಸ ನೋಡ್ರಿ ಇಕಿಂದು. ಕಣ್ಣ ಅವ, ಕಿವಿ ಇಲ್ಲ."

ನಲವತ್ತೇಳರ ಈ ಹೆಂಗಸಿನ ಕೆಲಸ ಬೀಗತಿಯ ಮುಖ ಓದುವುದು. ಯಂತ್ರದ ಎದೆಯ ಮೇಲೆ ಅಂಗೈಯಗಲದ ಪರದೆಯಿದೆ. ಅದರಲ್ಲಿ ಬರುವ ನಾಲ್ಕು ಇಂಗ್ಲಿಷ್ ಮಾತುಗಳ ಅರ್ಥವನ್ನು ಕನ್ನಡದಲ್ಲಿ ಬರೆದು ಪಕ್ಕದಲ್ಲಿ ಅಂಟಿಸಿದ್ದಾರೆ: ಗಾಳಿ ಕಡಿಮೆ, ಧೂಳು ತುಂಬಿದೆ, ಮಾಲು ಮುಗಿದಿದೆ, ಬಾಗಿಲು ತೆರೆದಿದೆ. ಯಾವ ಮಾತು ಬಂದರೆ ಏನು ಮಾಡಬೇಕೆಂದು ಅವರಿಗೆ ಬಾಯಿಪಾಠ. ಮಧ್ಯಾಹ್ನ ಎರಡರವರೆಗೆ ಇದೇ ಓದು.

"ಹ್ವಾದ ವರ್ಷ ಕಾದಂಬರಿ ಓದ್ತಿದ್ದೆರಿ. ಈಗ ನಾಕ ಮಾತಿಂದ ಪುಸ್ತಕ. ದಿನಾ ಓದ್ತೀನಿ, ಕಥಿ ಏನ್ ಮುಂದಕ್ಕ ಹೋಗಂಗಿಲ್ಲ."

ಹೋದ ವರ್ಷವೆಂದರೆ ಎಳ್ಳಮಾಸಿಯಿಂದ ಎಳ್ಳಮಾಸಿಗೆ, ಎಳ್ಳು ಅಮಾವಾಸ್ಯೆಯ ಲೆಕ್ಕ. ಆ ವರ್ಷದಲ್ಲಿ ಅನಸುಬಾಯಿ ಓದಿ ಮುಗಿಸಿದ ಪುಸ್ತಕ ಹನ್ನೊಂದು. ಹನ್ನೆರಡನೆಯದು ಮುಕ್ಕಾಲಿಗೆ ನಿಂತಿದೆ. ಓದಿದ್ದೆಲ್ಲ ಗಿರಣಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಗಟ್ಟಿಯಾಗಿ, ಹದಿನೈದು ಮಂದಿಗೆ ಕೇಳುವಂತೆ. ಈಗ ಶೆಡ್ಡಿಗೆ ಬೀಗ. ಬೀಗತಿ ಬಂದಳು, ಬೀಗ ಬಿತ್ತು ಎಂದು ಅವರೇ ನಗೆಯಾಡುತ್ತಾರೆ.

ಅನಸುಬಾಯಿ ಹುಟ್ಟಿದ್ದು ರಾವೂರಿನಲ್ಲಿ. ಏಳನೇ ಇಯತ್ತೆಗೆ ಶಾಲೆ ನಿಂತಿತು. ಕಲ್ಲಿನ ಖಣಿಯಲ್ಲಿ ಅಪ್ಪನ ಕಾಲ ಮೇಲೆ ಹಾಸುಗಲ್ಲು ಜಾರಿದ ವರ್ಷ ಅದು. ಮದುವೆಯಾಗಿ ಸೇಡಂಗೆ ಬಂದರೆ ಗಂಡನಿಗೂ ಖಣಿಯ ಕೆಲಸವೇ. ಅವರು ಸೊಂಟ ಮುರಿದುಕೊಂಡು ಮನೆ ಹಿಡಿದು ಆರು ವರ್ಷ. ಅನಸುಬಾಯಿ ಗಿರಣಿ ಸೇರಿದ್ದು ಆಗಲೇ. ಹದಿನಾರು ಹೆಂಗಸರು ಸಾಲಾಗಿ ಕುಳಿತು, ಮೊರದಲ್ಲಿ ಬೇಳೆ ಹರವಿ, ಕರಿಕಾಳು ಕಲ್ಲು ಆರಿಸಿ ಹಸನು ಮಾಡುವ ಕೆಲಸ. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಚೀಲ.

ಓದು ಶುರುವಾದದ್ದು ಒಂದು ನೋಟಿಸಿನಿಂದ. ಬೇಳೆಯ ಮೇಲೆ ಕೆಮ್ಮಬಾರದು, ಮಾತಾಡಬಾರದು ಎಂದು ಗಿರಣಿಯವರು ಗೋಡೆಗೆ ಅಂಟಿಸಿದ್ದರು. ಓದು ಬಲ್ಲವರು ಅನಸುಬಾಯಿ ಒಬ್ಬರೇ. ಅವರು ಅದನ್ನು ಗುಮಾಸ್ತ ಗುರುಲಿಂಗಯ್ಯನವರ ಮೂಗುದನಿಯಲ್ಲಿ, ನಡುನಡುವೆ ಅವರಂತೆಯೇ ನಶ್ಯ ಏರಿಸುತ್ತ ಓದಿದರು. ಹದಿನೈದು ಮೊರಗಳೂ ಅಲುಗಾಡುವಷ್ಟು ನಗು. ಮರುದಿನ ಸಾಲಿನ ಹಿರಿಯಾಕೆ ಭೀಮಮ್ಮ ಕೇಳಿದರು: "ನೋಟಿಸ್ ಮುಗೀತೇನವಾ? ಇನ್ನೊಂದೇನರ ಓದು."

ಬಸ್ ಸ್ಟ್ಯಾಂಡ್ ಹತ್ತಿರದ ಕಲೀಮನ ರದ್ದಿ ಅಂಗಡಿಯಿಂದ ಪುಸ್ತಕ ಬಂತು. ಆದರೆ ಓದುವವಳ ಚೀಲ ತುಂಬುವವರು ಯಾರು? ಭೀಮಮ್ಮನೇ ಕಟ್ಟಳೆ ಹಾಕಿದರು: ಒಂದು ಹಾಳೆ ಓದಿದರೆ ಒಬ್ಬೊಬ್ಬರೂ ಹಸನಾದ ಬೇಳೆಯ ಒಂದು ಬೊಗಸೆಯನ್ನು ಅನಸುಬಾಯಿಯ ಚೀಲಕ್ಕೆ ಹಾಕಬೇಕು. ಹಾಳೆಗೆ ಹದಿನೈದು ಬೊಗಸೆ. ಇನ್ನೊಂದು ಕಟ್ಟಳೆಯನ್ನು ಅನಸುಬಾಯಿ ಪೆಟ್ಟು ತಿಂದು ಕಲಿತರು. ಒಮ್ಮೆ ಮನೆಯಲ್ಲಿ ಮುಂದಿನ ಪ್ರಕರಣ ಓದಿಕೊಂಡು ಬಂದಿದ್ದರು. ಕಥೆಯಲ್ಲಿ ಕೂಸು ಸಾಯುವುದು ಇನ್ನೂ ಎರಡು ಪುಟ ಇರುವಾಗಲೇ ಅವರ ದನಿ ಒದ್ದೆಯಾಯಿತು. ಪಕ್ಕದಲ್ಲಿ ಕೂರುವ ರಹೀಮಾ ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಯಕ್ಕಾ, ನೀ ಮುಂದ ಓದಿ ಬಂದೀದಿ. ಕದ್ದ ಉಂಡವರ ಬಾಯಿ ಹಂಗ ಆಗ್ಯದ ನಿನ್ನ ಬಾಯಿ."

ಆ ದಿನ ಒಂದು ಬೊಗಸೆಯೂ ಬೀಳಲಿಲ್ಲ. ಅಂದಿನಿಂದ ಪುಸ್ತಕ ಅವರ ಮನೆಯಲ್ಲಿದ್ದರೂ ತೆರೆಯುವುದು ಶೆಡ್ಡಿನಲ್ಲಿ ಮಾತ್ರ. ಕೊನೆ ಏನೆಂಬುದು ಹದಿನಾರು ಮಂದಿಗೂ ಒಟ್ಟಿಗೇ ಗೊತ್ತಾಗಬೇಕು.

ರದ್ದಿಯ ಪುಸ್ತಕಕ್ಕೆ ರಟ್ಟಿರುವುದಿಲ್ಲ. ಹೀಗಾಗಿ ಅನಸುಬಾಯಿ ಬರೆದಿಟ್ಟ ವರ್ಷದ ಪಟ್ಟಿಯಲ್ಲಿರುವ ಹೆಸರುಗಳೆಲ್ಲ ಶೆಡ್ಡಿನಲ್ಲೇ ಇಟ್ಟವು. ಪೊಲೀಸನ ಪುಸ್ತಕ. ಎರಡು ಹೆಂಡ್ರ ಪುಸ್ತಕ. ದನದ ಡಾಕ್ಟರ್ ಪುಸ್ತಕ. ಇದು ಕಥೆಯಲ್ಲ, ಪಶುರೋಗಗಳ ಕೈಪಿಡಿ, ಆದರೂ ಕಾಲುಬಾಯಿ ಬೇನೆಯ ಪ್ರಕರಣಕ್ಕೆ ಮೂವರು ಅತ್ತರು. ಪೊಲೀಸನ ಪುಸ್ತಕದ ಕಳ್ಳರೆಲ್ಲ ಗುರುಲಿಂಗಯ್ಯನವರ ಮೂಗಿನಲ್ಲೇ ಮಾತಾಡಿದರು. ಒಂದು ದಿನ ಅವರೇ ಬಾಗಿಲಲ್ಲಿ ನಿಂತಿದ್ದರು.

"ಕಳ್ಳಗ ಇನ್ನೊಂದೀಟ ಸಿಟ್ಟ ಬೇಕಿತ್ತಲ್ಲ ಅನಸುಬಾಯಿ," ಎಂದರಂತೆ, "ನಾ ಅಷ್ಟ ಮೆತ್ತಗ ಎಲ್ಲಿ ಮಾತಾಡ್ತೀನಿ?"

ದಿನದ ಮೊದಲ ಹಾಳೆಗೆ ಮುಂಚೆ ನಿನ್ನೆಯ ಕಥೆ ಹೇಳುವ ಹಕ್ಕು ಭೀಮಮ್ಮನದು. ಅರವತ್ತೆರಡರ ಆ ಮುದುಕಿ ಕಥೆಯಲ್ಲಿ ಸತ್ತವರನ್ನು ಬೆಳಗಾಗುವುದರೊಳಗೆ ಬದುಕಿಸಿ ತರುತ್ತಿದ್ದರು. "ಆಯಿ, ಅಕಿ ನಿನ್ನೆ ಸತ್ಳಲ್ಲ?" ಎಂದು ರಹೀಮಾ ಕೇಳಿದರೆ, "ನೀ ನೋಡಿಯೇನು? ತವರಮನಿಗೆ ಹೋಗ್ಯಾಳ, ಬರ್ತಾಳ ತಡಿ" ಎಂಬ ಉತ್ತರ. ಅನಸುಬಾಯಿ ತಿದ್ದಲು ಹೋದರೆ ಬೊಗಸೆ ನಿಲ್ಲಿಸುವ ಬೆದರಿಕೆ.

ಮಳೆಗಾಲ ಹಿಡಿಯುತ್ತಿದ್ದಂತೆ ಗಿರಣಿಯವರು ಅರ್ಧ ಮಾಲನ್ನು ಬೇರೆ ಊರಿನ ಯಂತ್ರಕ್ಕೆ ಕಳಿಸತೊಡಗಿದರು. ಹದಿನಾರು ಹೆಂಗಸರಿದ್ದದ್ದು ಒಂಬತ್ತಾಯಿತು. ಭೀಮಮ್ಮನ ಕೆಮ್ಮು ಆಗಲೇ ಹೆಚ್ಚಾಗಿತ್ತು. ಇಪ್ಪತ್ತೆರಡು ವರ್ಷ ಹೊಟ್ಟಿನ ಧೂಳು ಕುಡಿದ ಎದೆ. ಶ್ರಾವಣದಲ್ಲಿ ಅವರನ್ನು ದವಾಖಾನೆಗೆ ಸೇರಿಸಿದಾಗ ಅನಸುಬಾಯಿ ಪುಸ್ತಕ ಹಿಡಿದು ಮಂಚದ ಬಳಿ ಕುಳಿತರು. ಭೀಮಮ್ಮ ಕೈ ಅಡ್ಡ ಹಿಡಿದರು: "ಎಲ್ಲಾರೂ ಇರ್ಲಿ. ನಾ ಬಂದ ಮ್ಯಾಲ ಓದು." ಮೂರನೇ ದಿನ ತೀರಿಕೊಂಡರು. ಅನಸುಬಾಯಿಯ ಪಟ್ಟಿಯಲ್ಲಿ ಏಳನೇ ಪುಸ್ತಕದ ಮುಂದೆ ನೂರಾ ಆರನೇ ಪುಟ ಎಂದಿದೆ, ಪಕ್ಕದಲ್ಲಿ 'ಆಯಿ ಇಲ್ಲ' ಎಂದಷ್ಟೇ ಇದೆ. ನಿನ್ನೆಯ ಕಥೆ ಹೇಳುವ ಕೆಲಸವನ್ನು ಆಮೇಲೆ ಯಾರೂ ವಹಿಸಿಕೊಳ್ಳಲಿಲ್ಲ.

ಮಾತಿನ ನಡುವೆ ಪರದೆಯ ಮೇಲೆ ಕೆಂಪು ದೀಪ ಹತ್ತುತ್ತದೆ. ಗಾಳಿ ಕಡಿಮೆ. ಅನಸುಬಾಯಿ ಓಡಿ ಹೋಗಿ ಕೊಳವೆಯ ತಿರುಪು ತಿರುಗಿಸುತ್ತಾರೆ. ಯಂತ್ರ ಮತ್ತೆ ಉಸಿರಾಡುತ್ತದೆ.

"ಇಕಿಗಿ ಗಾಳಿ ಕಮ್ಮಿ ಆದ್ರ ದೀಪ ಹತ್ತತದರಿ," ಎನ್ನುತ್ತಾರೆ. "ಆಯಿಗಿ ಯಾ ದೀಪಾನೂ ಹತ್ತಲಿಲ್ಲ."

ದಸರೆಯ ಹೊತ್ತಿಗೆ ಶೆಡ್ಡಿನಲ್ಲಿ ಐವರು. ಹಾಳೆಗೆ ಬೀಳುವುದು ನಾಲ್ಕೇ ಬೊಗಸೆ. ಅಷ್ಟರಲ್ಲಿ ಚೀಲ ತುಂಬುವುದು ಹೇಗೆ? ದಿನಕ್ಕೆ ಆರೇಳು ಹಾಳೆ ಓದುತ್ತಿದ್ದವರು ಮೂರಕ್ಕೆ ಇಳಿದರು. ಉಳಿದ ಹೊತ್ತು ಬಾಯಿ ಮುಚ್ಚಿ ಬೇಳೆ ಆರಿಸಿದರು. ಆಗ ಹಿಡಿದದ್ದೇ ಹನ್ನೆರಡನೆಯದು, ಬಾವಿ ಪುಸ್ತಕ. ಬತ್ತಿದ ಬಾವಿಯ ಹೂಳು ತೆಗೆಯಲು ಒಬ್ಬಾಕೆ ಇಳಿದಿದ್ದಾಳೆ. ಮೇಲೆ ಹಗ್ಗ ಹಿಡಿದವಳು ಅವಳ ನೆಗೆಣ್ಣಿ, ಅಂದರೆ ವಾರಗಿತ್ತಿ. ಇಬ್ಬರಿಗೂ ಮಾತು ಬಿಟ್ಟು ವರ್ಷವಾಗಿದೆ. ಹಗ್ಗ ಸಡಿಲಾಯಿತು ಎಂಬಲ್ಲಿಗೆ ಆ ದಿನದ ಮೂರನೇ ಹಾಳೆ ಮುಗಿಯಿತು. ಮರುದಿನ ದೀಪಾವಳಿಯ ರಜೆ. ರಜೆ ಮುಗಿಸಿ ಬಂದರೆ ಯಂತ್ರ ಬಂದಿತ್ತು.

ಗುರುಲಿಂಗಯ್ಯ ಐವರನ್ನೂ ಅಂಗಳದಲ್ಲಿ ನಿಲ್ಲಿಸಿದರು. "ಮಷಿನ್ ಮುಂದ ಒಬ್ಬಾಕಿ ಸಾಕು. ಓದ್ಲಿಕ್ಕ ಬರೋದು ಅನಸುಬಾಯಿಗೆ ಒಬ್ಬಾಕಿಗೇ."

"ಸ್ವಾಮ್ಯಾರ, ಇನ್ನೊಬ್ಬಾಕೀನರ ಇಟ್ಕೋರಿ. ಕಸಾ ಹೊಡೀಲಿಕ್ಕರ," ಎಂದರು ಅನಸುಬಾಯಿ.

"ಕಸಾನೂ ಅದೇ ಹೊಡ್ಕೋತದ ಯವ್ವಾ. ನಾನೇ ಎಷ್ಟ ದಿನಾ ಇರ್ತೀನೋ."

ಅನಸುಬಾಯಿ ಒಪ್ಪಿಕೊಂಡರು. ಮನೆಯಲ್ಲಿ ಮಲಗಿದ ಗಂಡನ ಔಷಧಿ ಕಣ್ಣ ಮುಂದಿತ್ತು ಎನ್ನುತ್ತಾರೆ, ಅದನ್ನು ನೆಪವಾಗಿ ಹೇಳುವುದಿಲ್ಲ. ಇಷ್ಟು ವರ್ಷ ಬೇಳೆಯಲ್ಲೇ ಕೂತು ತನ್ನ ಬೇಳೆ ಬೇಯಿಸಿಕೊಳ್ಳುವುದನ್ನು ಮಾತ್ರ ಕಲಿಯದಾಕೆ ಎಂದು ಅವರನ್ನು ಚುಡಾಯಿಸುತ್ತಿದ್ದವರೇ, ಈಗ ಅದನ್ನೂ ಕಲಿತಳು ಎಂದರು. ರಹೀಮಾ ಅಂದು ಅಂಗಳದಲ್ಲೇ ಅಂದ ಮಾತು ಅವರಿಗೆ ಅಕ್ಷರ ಬಿಡದೆ ನೆನಪಿದೆ: "ಕೇಳಿದವ್ರು ಹ್ವಾರಗ, ಓದಿದಾಕಿ ಒಳಗ. ನಮ್ಮ ಬೊಗಸಿ ಉಂಡು ನಿನ್ನ ನಾಲಿಗಿ ಚೂಪ ಆತಲ್ಲ ಯಕ್ಕಾ."

ರಹೀಮಾ ಈಗ ಬೆಳಗಿನ ಗಾಡಿಗೆ ವಾಡಿಗೆ ಹೋಗಿ, ಅಲ್ಲಿಂದ ಶಹಾಬಾದ್ ಕಡೆಯ ಕಲ್ಲಿನ ಪಾಲಿಶ್ ಘಟಕದಲ್ಲಿ ದುಡಿಯುತ್ತಾರೆ. ಇನ್ನಿಬ್ಬರು ಮಳಖೇಡದಲ್ಲಿ ಮನೆಗೆಲಸಕ್ಕಿದ್ದಾರೆ. ಸುಮಂಗಲಾ ಎಂಬಾಕೆ ಚಿಂಚೋಳಿ ರಸ್ತೆಯ ಡಾಂಬರು ಕೆಲಸಕ್ಕೆ ಸೇರಿದ್ದಾರೆ. ಬಾವಿ ಪುಸ್ತಕದಲ್ಲಿ ಉಳಿದದ್ದು ಮೂವತ್ತೆಂಟು ಪುಟ. ಭಾನುವಾರ ಮನೆಗೆ ಬನ್ನಿ, ಓದಿ ಮುಗಿಸೋಣ ಎಂದು ಅನಸುಬಾಯಿ ನಾಲ್ವರಿಗೂ ಹೇಳಿ ಕಳಿಸಿದರು. ಯಾರೂ ಬರಲಿಲ್ಲ. ಮತ್ತೆ ಹೇಳಿ ಕಳಿಸಿದರು. ಚಾಪೆ ಹಾಸಿದ್ದೂ ಆಯಿತು, ಸುತ್ತಿಟ್ಟದ್ದೂ ಆಯಿತು. ಹೀಗೆ ಎರಡು ತಿಂಗಳು.

ಈ ಭಾನುವಾರ ಹನ್ನೊಂದರ ಸುಮಾರಿಗೆ ಹೊಸ್ತಿಲ ಹೊರಗೆ ರಹೀಮಾ ನಿಂತಿದ್ದಾರೆ. ಹುಬ್ಬಿನ ಮೇಲೆ ಕಲ್ಲಿನ ಬಿಳಿ ಪುಡಿ ಇನ್ನೂ ಹೋಗಿಲ್ಲ.

"ಬಾ ಒಳಗ. ಚಾ ಇಡ್ತೀನಿ."

"ಚಾಕ್ಕ ಬಂದಿಲ್ಲ. ಒಂದ ಮಾತ ಕೇಳಿ ಹೋಗ್ತೀನಿ. ನೆಗೆಣ್ಣಿ ಹಗ್ಗ ಬಿಟ್ಳೋ, ಹಿಡದಳೋ?"

"ನಂಗೇನ ಗೊತ್ತು?"

"ಸುಳ್ಳ ಹೇಳಬ್ಯಾಡ. ಎರಡ ತಿಂಗಳ ಪುಸ್ತಕ ನಿನ್ನ ತಲಿದಿಂಬಿನ ಬಾಜೂ ಅದ. ಅಕ್ಷರ ಬರೋದು ನಿಂಗ. ಓದಲಾರದ ಇದ್ದೀಯೇನು?"

ಅನಸುಬಾಯಿ ಗೂಡಿನಿಂದ ಪುಸ್ತಕ ತೆಗೆದು ರಹೀಮಾಳ ಕೈಗಿಡುತ್ತಾರೆ. ಅದು ಅಚ್ಚಾದಾಗ ಅಂಚು ಕತ್ತರಿಸದೆ ಬಿಟ್ಟ ಹಳೆಯ ಪುಸ್ತಕ. ಹಾಳೆಗಳು ಮೇಲ್ತುದಿಯಲ್ಲಿ ಜೋಡಿ ಜೋಡಿಯಾಗಿ ಕೂಡಿಕೊಂಡಿವೆ, ಸೀಳದ ಹೊರತು ಒಳಗಿನ ಪುಟ ಬಿಚ್ಚಿಕೊಳ್ಳುವುದಿಲ್ಲ. ಶೆಡ್ಡಿನಲ್ಲಿ ಓದಿದಷ್ಟನ್ನು ಪಿನ್ನಿನಿಂದ ಸೀಳಿದ ಗುರುತು ಒರಟೊರಟಾಗಿದೆ. ರಹೀಮಾಗೆ ಓದು ಬಾರದು. ಆದರೆ ಒಂಬತ್ತು ವರ್ಷ ಬೇಳೆಯಲ್ಲಿ ಕಲ್ಲು ಹುಡುಕಿದ ಬೆರಳು ಅವರದು. ಒರಟು ಮುಗಿದಲ್ಲಿಂದ ಕೊನೆಯವರೆಗೂ ಆ ಬೆರಳು ಮಡಿಕೆ ಮಡಿಕೆಯನ್ನೂ ಮುಟ್ಟುತ್ತದೆ. ಒಂದೂ ಬಿಚ್ಚಿಲ್ಲ.

ರಹೀಮಾ ಹೊಸ್ತಿಲ ಮೇಲೆ ಕೂರುತ್ತಾರೆ.

"ಲಗೂ ಓದಬೇಕು ಯಕ್ಕಾ," ಎನ್ನುತ್ತಾರೆ ಆಮೇಲೆ. "ಪಾಲಿಶ್ ಮಷಿನ್ ಸಪ್ಪಳಕ್ಕ ನನ್ನ ಎಡಗಿವಿ ಮಂದ ಆಗ್ಲಿಕತ್ತದ. ಬಲದ್ದೂ ಹೋದ್ರ ನಾ ಏನ್ ಕೇಳ್ಲಿ?"

"ಇವತ್ತೇ ಓದ್ಲಿ?"

ರಹೀಮಾ ಪುಸ್ತಕ ಮುಚ್ಚಿ ತಿರುಗಿ ಕೊಡುತ್ತಾರೆ. "ಬ್ಯಾಡ. ಉಳದ ಮೂರೂ ಮಂದೀನ ಕೇಳಿ ನೋಡ್ತೀನಿ. ಮಳಖೇಡದವ್ರು ಬಂದರೂ ಬಂದಾರು. ಸುಮಂಗಲಾ ನಿನ್ನ ಹೆಸರ ಎತ್ತಿದ್ರ ಉಗುಳ್ತಾಳ. ಮಾತ ಕೊಡಂಗಿಲ್ಲ ನಾ."

ಚಹಾ ಕುಡಿಯದೆಯೇ ಹೊರಟು ಹೋಗುತ್ತಾರೆ. ಅನಸುಬಾಯಿ ಓಣಿಯ ತಿರುವಿನವರೆಗೂ ನೋಡುತ್ತ ನಿಲ್ಲುತ್ತಾರೆ. ಬರುವ ಭಾನುವಾರ ನಾಲ್ವರೂ ಬರುತ್ತಾರೆಂಬ ನೆಚ್ಚಿಕೆ ಅವರಿಗಿಲ್ಲ. ಏನು ಬೇಕು ನಿಮಗೆ ಎಂದು ಕೇಳಿದರೆ ಮಾತ್ರ ಉತ್ತರ ತಡವಾಗುವುದಿಲ್ಲ.

"ಮೂವತ್ತೆಂಟ ಪುಟ ಅಷ್ಟರಿ. ಐದ ಮಂದಿ ಒಂದ ಕಡಿ ಕುಂತ್ರ ಒಂದೂವರಿ ತಾಸಿನ ಕೆಲಸ. ಭಾಳ ಗಟ್ಟಿ ಓದ್ತೀನಿ. ರಹೀಮಾನ್ನ ಬಲಗಿವಿ ನನ್ನ ಕಡಿ ಬರೋಹಂಗ ಕುಂದ್ರಸ್ತೀನಿ."