ನನ್ನ ಮುಖ ನೋಡದವರ ಶಿಫಾರಸು

ಅಮೆರಿಕದಲ್ಲಿ ರೇಡಿಯಾಲಜಿ ರೆಸಿಡೆನ್ಸಿಗೆ, ಅಂದರೆ ಎಕ್ಸ್‌ರೇ, ಸ್ಕ್ಯಾನ್ ಓದುವ ತಜ್ಞರಾಗುವ ತರಬೇತಿಗೆ, ಅರ್ಜಿ ಹಾಕುವವರು ಒಂದು ಆಸ್ಪತ್ರೆಗೆ ನಾಲ್ಕು ಶಿಫಾರಸು ಪತ್ರಗಳನ್ನು ಮಾತ್ರ ಕಳಿಸಬಹುದು. ಐದನೆಯದು ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಜಾಗವಿಲ್ಲ. ಇದನ್ನು ನಮ್ಮ ಅತ್ತೆಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗಿ ಹೋಯಿತು.

"ಅದೆಂಥಾ ರೂಲ್ಸ್ ಅವಾ? ಊಟಕ್ಕ ಐದನೇದಾಂವ ಬಂದ್ರ ಎಲಿ ಇಲ್ಲ ಅಂತೀವೇನು?" ಎಂದರು. ಅತ್ತೆ ಧಾರವಾಡದವರು, ನಾನು ಮೈಸೂರಿನವಳು. ವುಡ್‌ಬ್ರಿಡ್ಜ್‌ನ ನಮ್ಮ ಮನೆಯಲ್ಲಿ ವಾದಗಳು ಎರಡು ಕನ್ನಡಗಳಲ್ಲಿ ನಡೆಯುತ್ತವೆ. ನನ್ನ ಗಂಡ ಎರಡರಲ್ಲೂ ಬಾಯಿ ಬಿಡುವುದಿಲ್ಲ.

ಹಿಂದಿನ ವರ್ಷವೂ ಅರ್ಜಿ ಹಾಕಿದ್ದೆ, ಎಲ್ಲಿಯೂ ಸಿಕ್ಕಿರಲಿಲ್ಲ. ಊರಿನಲ್ಲಿ ವೈದ್ಯಕೀಯ ಓದಿ ಮುಗಿಸಿ ವರ್ಷಗಳಾದಷ್ಟೂ ಇಲ್ಲಿನ ಆಸ್ಪತ್ರೆಗಳಿಗೆ ನಮ್ಮಂಥವರು ಹಳಬರಾಗುತ್ತಾ ಹೋಗುತ್ತೇವೆ. ಈ ಸಲ ಆಗದಿದ್ದರೆ ವೈದ್ಯಕೀಯಕ್ಕೇ ಕೈ ಮುಗಿದು ಯಾವುದಾದರೂ ಇನ್ಶೂರೆನ್ಸ್ ಕಂಪನಿಯಲ್ಲಿ ಕಾಗದ ಪರಿಶೀಲಿಸುವ ಕೆಲಸಕ್ಕೆ ಸೇರುವುದೆಂದು ನಾನೇ ತೀರ್ಮಾನಿಸಿದ್ದೆ. ತೀರ್ಮಾನಿಸಿದ ದಿನದಿಂದ ಮನೆಯಲ್ಲಿ ಎಲ್ಲರ ಮೇಲೂ ಸಿಡುಕುತ್ತಿದ್ದೆ.

ಮೂರು ಪತ್ರಗಳು ಖಚಿತವಾಗಿದ್ದವು. ಎರಡನ್ನು ಇಲ್ಲಿ ಕೆಲಸ ಕಲಿಯಲೆಂದು ನಾನು ಹಿಂದೆ ಹಿಂದೆ ಓಡಾಡಿದ ಇಬ್ಬರು ಫಿಸಿಷಿಯನ್ನರು ಬರೆದಿದ್ದರು. ಇನ್ನೊಂದು ಮೈಸೂರಿನ ನನ್ನ ಪ್ರೊಫೆಸರರದು. ಫೋನು ಮಾಡಿದಾಗ ಅವರು, "ಏನೇನು ಬರೀಬೇಕು ನೀನೇ ಒಂದು ಡ್ರಾಫ್ಟ್ ಕಳ್ಸಮ್ಮ" ಎಂದರು. ನನ್ನನ್ನು ನಾನೇ ಹೊಗಳಿಕೊಳ್ಳುವ ಆ ಸಂಕಟ ಯಾರಿಗೂ ಬೇಡ. ಬಹಳ ಹಿಂಜರಿದು, 'ತುಂಬಾ ಶ್ರಮಜೀವಿ' ಎಂದು ಬರೆದು ಕಳಿಸಿದೆ. ಅವರು 'ತುಂಬಾ' ಎಂಬುದನ್ನು ಹೊಡೆದುಹಾಕಿ, ಉಳಿದದ್ದನ್ನು ತಮ್ಮ ಮಾತಿನಲ್ಲಿ ಬರೆಯುತ್ತೇನೆಂದರು.

ಬೇಕಾಗಿದ್ದದ್ದು ನಾಲ್ಕನೆಯದು. ಅದು ಇಲ್ಲಿನ ರೇಡಿಯಾಲಜಿಸ್ಟರದೇ ಆಗಿರಬೇಕಿತ್ತು. ಆದರೆ ಅತ್ತೆ ಅಷ್ಟರಲ್ಲಿ ಆ ಜಾಗವನ್ನು ಹಿಲ್ಸ್‌ಬರೋ ಅಂಕಲ್‌ಗೆ ಕೊಟ್ಟುಬಿಟ್ಟಿದ್ದರು.

ಹಿಲ್ಸ್‌ಬರೋ ಊರಿನಲ್ಲಿರುವ ಈ ಅಂಕಲ್ ಇಲ್ಲಿನ ನಮ್ಮ ಕನ್ನಡ ಬಳಗದ ಹಿರಿಯ ಹೃದ್ರೋಗ ತಜ್ಞರು. ಯಾರ ಮಗುವಿಗೆ ಕಾಲೇಜು ಸೀಟು ಬೇಕಾದರೂ, ಯಾರ ತಮ್ಮನಿಗೆ ಕೆಲಸ ಬೇಕಾದರೂ ಪತ್ರ ಬರೆದುಕೊಡುವವರು ಅವರೇ. ಅತ್ತೆ ಕೇಳಿದ ಒಂದೇ ಗಂಟೆಯಲ್ಲಿ ನನ್ನ ಪತ್ರವೂ ಸಿದ್ಧವಾಗಿ, ಅಪ್‌ಲೋಡ್ ಕೂಡ ಆಗಿಹೋಯಿತು. ಇಂಥ ಪತ್ರಗಳಲ್ಲಿ ಏನಿದೆಯೆಂದು ತಿಳಿಯುವ ಹಕ್ಕನ್ನು ಅರ್ಜಿದಾರರು ಬಿಟ್ಟುಕೊಡಬೇಕು. ನಾನೂ ಹಾಗೆಂದು ಟಿಕ್ ಹಾಕಿದ್ದೆ. ಗಣೇಶನ ಹಬ್ಬದ ದಿನ ತಮ್ಮ ಮನೆಯಲ್ಲಿ ನೆರೆದಿದ್ದವರೆದುರು ಅಂಕಲ್ ಐಪ್ಯಾಡ್ ಹಿಡಿದು, "ನಮ್ಮ ಹುಡುಗಿ ಬಗ್ಗೆ ಏನು ಬರೆದಿದೀನಿ ಕೇಳಿ" ಎಂದು ಎದ್ದು ನಿಂತರು.

ನಾನು ಟಿಕ್ ಹಾಕಿದವಳಲ್ಲವೇ, ಎದ್ದು ಅಡುಗೆಮನೆಗೆ ಓಡಿದೆ. ಓಡಿ ಏನು ಬಂತು? ಅಮೆರಿಕದ ಮನೆಗಳಲ್ಲಿ ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆಯೇ ಇರುವುದಿಲ್ಲ. ನಲ್ಲಿ ಬಿಟ್ಟೆ. ಅಂಕಲ್ ದನಿ ಏರಿಸಿದರು.

ನಾನು ಅವರ ಮಗಳಿದ್ದ ಹಾಗಂತೆ. ನನ್ನ ಮಾವ ಚೀಫ್ ಇಂಜಿನಿಯರಾಗಿ ನಿವೃತ್ತರಾದವರಂತೆ. ರಾಜ್ಯೋತ್ಸವದ ದಿನ ನಾನು ಊಟದ ಸಾಲನ್ನು ನಿಭಾಯಿಸಿದ್ದು ಕಂಡವರಿಗೆ, ನಾನು ಯಾವ ಎಮರ್ಜೆನ್ಸಿ ವಿಭಾಗವನ್ನಾದರೂ ನಡೆಸಬಲ್ಲೆ ಎಂಬುದರಲ್ಲಿ ಅನುಮಾನವೇ ಇಲ್ಲವಂತೆ. ಕೊನೆಗೆ, ನಾನು ಮಾಡುವ ಒಬ್ಬಟ್ಟು ಕಾಗದದಷ್ಟು ತೆಳುವಾಗಿರುತ್ತದೆ, ಅಂಥ ಕೈಗೆ ಬಯಾಪ್ಸಿಯ ಸೂಜಿ ಹಾಕುವುದು ಲೆಕ್ಕಕ್ಕೇ ಇಲ್ಲ ಎಂದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಒಬ್ಬಟ್ಟು ಇಸೆಲಿನ್‌ನ ಇಂಡಿಯನ್ ಅಂಗಡಿಯಿಂದ ತಂದದ್ದು. ಸೊಸೆ ಮಾಡಿದ್ದೆಂದು ಊರಿಗೆಲ್ಲ ಹೇಳಿದ್ದು ಅತ್ತೆ. ಈಗ ಅವರು ಚಾವಣಿ ನೋಡುತ್ತಾ ಕೂತಿದ್ದರು.

ಇನ್ನು ನನಗೆ ಬೇಕಾಗಿದ್ದ ರೇಡಿಯಾಲಜಿಸ್ಟರ ಕಥೆ. ವಯಸ್ಸಾದ ಅಮೆರಿಕನ್ ಮನುಷ್ಯ. ಎಕ್ಸ್‌ರೇ, ಸ್ಕ್ಯಾನ್‌ಗಳನ್ನು ನೋಡಿ ವರದಿ ಕೊಡುವ ಅವರ ಕೋಣೆಯಲ್ಲಿ ಹಗಲಿನಲ್ಲೂ ಕತ್ತಲೆ. ಆ ಬೇಸಿಗೆಯಲ್ಲಿ ವಾರಗಟ್ಟಲೆ ನಾನು ಅವರ ಬೆನ್ನ ಹಿಂದೆ ಎಡಗಡೆಯ ಕುರ್ಚಿಯಲ್ಲಿ ಕೂತಿದ್ದೆ. ಅವರು ಚಿತ್ರ ತೆರೆದು, ಏನು ಕಾಣುತ್ತದೆ ಎನ್ನುವರು. ನಾನು ಹೇಳುವೆ. ತಪ್ಪಿದ್ದರೆ ತೋರಿಸುವರು. ಒಮ್ಮೆಯೂ ಹಿಂತಿರುಗಿ ನೋಡಿದವರಲ್ಲ.

ಪತ್ರ ಕೇಳುವುದಕ್ಕೂ ಇಲ್ಲಿ ಒಂದು ಪದ್ಧತಿ ಇದೆ. 'ನನ್ನ ಬಗ್ಗೆ ಗಟ್ಟಿಯಾದ ಪತ್ರ ಬರೆದುಕೊಡಲು ನಿಮಗೆ ಸಾಧ್ಯವೇ' ಎಂದು ನೇರವಾಗಿ ಕೇಳಬೇಕು. ಆಗುವುದಿಲ್ಲವೆಂದರೆ ಥ್ಯಾಂಕ್ಸ್ ಹೇಳಿ ಬರಬೇಕು. ಗುರುಗಳನ್ನು ಹಾಗೆ ಕೇಳುವುದೆಂದರೆ ನನಗೆ ನಾಲಿಗೆಯೇ ಏಳದು. ಕೆಫೆಟೇರಿಯಾದಲ್ಲಿ ಅವರ ಮೇಜಿನ ಹತ್ತಿರ ಹೋಗಿ ನಿಂತೆ. ನಾನು ಖಾಲಿ ಕುರ್ಚಿ ಒಯ್ಯಲು ಬಂದಿದ್ದೇನೆಂದುಕೊಂಡು ಅವರು ಎದುರಿನ ಕುರ್ಚಿಯನ್ನು ನನ್ನತ್ತ ತಳ್ಳಿ ಸೂಪು ಕುಡಿಯತೊಡಗಿದರು. ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ದನಿ ಕೇಳಿದ ಮೇಲೆ ಅವರು ತಲೆಯೆತ್ತಿದರು.

"ಓ, ಎಡಗಡೆಯ ಕುರ್ಚಿ ನೀವೇನಾ?" ಎಂದರು. ಪತ್ರದ ವಿಷಯಕ್ಕೆ, "ನಾಳೆ ಒಂದು ದಿನ ಬಂದು ಕೂತುಕೊಳ್ಳಿ. ಆಮೇಲೆ ಹೇಳುತ್ತೇನೆ" ಎಂದರು.

ಮಾರನೆಯ ದಿನ ಒಂದು ಎದೆಯ ಎಕ್ಸ್‌ರೇ ತೆರೆದು, ಏನು ಕಾಣುತ್ತದೆ ಎಂದರು. ಮೂಲೆ ಮೂಲೆ ಹುಡುಕಿದೆ. ಶ್ವಾಸಕೋಶದ ತುದಿ, ಹೃದಯದ ಹಿಂಬದಿ, ಪಕ್ಕೆಲುಬುಗಳು, ಎಲ್ಲವನ್ನೂ ನೋಡಿದೆ. ಏನೂ ಇಲ್ಲ. ಇಂಥ ದಿನ ಏನೂ ಇಲ್ಲ ಅನ್ನುವುದುಂಟೇ? ಏನಾದರೂ ಒಂದು ನೆರಳಿನ ಹೆಸರು ಹೇಳು ಎಂದು ಮನಸ್ಸು ಪೀಡಿಸತೊಡಗಿತು. ಇಲ್ಲದ ಕಾಯಿಲೆ ಹೇಳಿ ಪತ್ರ ಗಿಟ್ಟಿಸುವುದು ನನ್ನಿಂದಾಗಲಿಲ್ಲ.

"ಇದು ನಾರ್ಮಲ್" ಎಂದೆ.

"ಖಂಡಿತವಾಗಿಯೂ?"

"ಖಂಡಿತವಾಗಿಯೂ."

ಅವರು ವರದಿ ಧ್ವನಿಮುದ್ರಿಸುವ ಮೈಕ್ ಎತ್ತಿಕೊಂಡು ನಾರ್ಮಲ್ ಎಂದೇ ಹೇಳಿದರು. ಮುಂದಿನ ಚಿತ್ರ ತೆರೆಯುತ್ತಾ, "ಏನೂ ಇಲ್ಲದ ಕಡೆ ಏನೂ ಇಲ್ಲ ಅನ್ನುವವರು ಕಡಿಮೆ. ನಿಮಗೆ ಪತ್ರ ಬರೆಯುತ್ತೇನೆ" ಎಂದರು. ಆಗಲೂ ಹಿಂತಿರುಗಿ ನೋಡಲಿಲ್ಲ.

ಮನೆಗೆ ಬಂದು ಕುಣಿದಾಡುತ್ತಾ ಹೇಳಿದರೆ ಅತ್ತೆ ಮುಖ ಸಿಂಡರಿಸಿದರು. "ನಿನ್ನ ಮಾರೀನ ನೋಡದಾಂವ ನಿನ್ನ ಬಗ್ಗೆ ಏನು ಬರೀತಾನ? ಅಂಕಲ್ ಅಷ್ಟ ಚೊಲೋ ಬರದಾರ. ಅವರಿಗೆ ಬ್ಯಾಡ ಅಂದ್ರ ನಾ ನಾಳೆ ನಾಕ ಮಂದಿ ಮುಂದ ಹೆಂಗ ಕೂಡ್ಲಿ?" ಎಂದರು. ಅವರ ಸಂಕಟವೂ ನಿಜವೇ. ಈ ದೇಶದಲ್ಲಿ ಅವರಿಗಿರುವ ಬಳಗವೆಂದರೆ ಆ ನಾಲ್ಕು ಮಂದಿ.

ಹಾಗಾಗಿ ಅಂಕಲ್ ಮನೆಗೆ ನಾನೇ ಹೋದೆ. ದಾರಿಯುದ್ದಕ್ಕೂ ಡ್ರೈವ್ ಮಾಡುತ್ತಾ ಒಂದು ನೆಪ ಹೊಸೆದುಕೊಂಡಿದ್ದೆ.

"ಅಂಕಲ್, ನೀವು ಅವತ್ತು ಲೆಟರ್ ಓದಿದ್ರಲ್ಲ, ಅದು ನನ್ನ ಕಿವಿಗೆ ಬಿದ್ದುಬಿಡ್ತು. ರೂಲ್ಸ್ ಪ್ರಕಾರ ನಾನು ಕೇಳೋ ಹಾಗಿಲ್ಲ" ಎಂದೆ.

"ಅಷ್ಟೇ ತಾನೆ? ಇನ್ನೊಂದು ಬರೆದುಬಿಡ್ತೀನಮ್ಮ. ಈ ಸಲ ಯಾರಿಗೂ ಓದಿ ಹೇಳಲ್ಲ, ಪ್ರಾಮಿಸ್" ಎಂದು ಅಲ್ಲೇ ಐಪ್ಯಾಡ್ ತೆಗೆದರು.

ನನ್ನ ನೆಪ ಅಲ್ಲಿಗೆ ನೆಲಕಚ್ಚಿತು. ಬೇರೆ ದಾರಿಯಿರಲಿಲ್ಲ. "ಬೇಡ ಅಂಕಲ್. ನಾನು ಕೆಲಸ ಮಾಡೋದನ್ನ ನೀವು ಒಂದು ದಿನಾನೂ ನೋಡಿಲ್ಲ. ಆ ಒಬ್ಬಟ್ಟು ಕೂಡ ಅಂಗಡೀದು" ಎಂದುಬಿಟ್ಟೆ.

ಅವರು, "ಒಬ್ಬಟ್ಟು ಅಂಗಡೀದಾ?" ಎಂದರು. ಪತ್ರ ಬೇಡವೆಂದದ್ದಕ್ಕಿಂತ ಅದೇ ಅವರಿಗೆ ಹೆಚ್ಚು ನೋವು ಕೊಟ್ಟಂತಿತ್ತು. ಐಪ್ಯಾಡ್ ಮುಚ್ಚಿಟ್ಟು ಹೇಳಿದರು: "ನಾನು ಈ ದೇಶಕ್ಕೆ ಬಂದಾಗ ನನ್ನ ಪರವಾಗಿ ಒಂದು ಸಾಲು ಬರೆಯೋರು ಇರಲಿಲ್ಲಮ್ಮ. ಕೊನೆಗೆ ಒಬ್ಬರು ಬರೆದುಕೊಟ್ರು. ಅವರೂ ನನ್ನ ಕೆಲಸ ನೋಡಿರ್ಲಿಲ್ಲ. ಆವತ್ತು ಕಾರಲ್ಲಿ ಕೂತು ಅತ್ತುಬಿಟ್ಟಿದ್ದೆ. ಅದಕ್ಕೇ ಯಾರು ಕೇಳಿದ್ರೂ ಇಲ್ಲ ಅನ್ನಲ್ಲ."

ಇಷ್ಟು ದಿನ ಅವರನ್ನು ನೋಡಿ ನಗುತ್ತಿದ್ದೆನಲ್ಲ ಅನ್ನಿಸಿತು. ಅವರೇ ಎದ್ದು ಬಾಗಿಲವರೆಗೆ ಬಂದು, "ನಿನ್ನ ಕೆಲಸ ನೋಡಿದೋರದ್ದೇ ಹಾಕು, ಹೋಗು" ಎಂದರು. ಅಪ್‌ಲೋಡ್ ಆಗಿದ್ದ ಅವರ ಪತ್ರವನ್ನು ಯಾವ ಆಸ್ಪತ್ರೆಯ ಅರ್ಜಿಗೂ ಸೇರಿಸದೆ, ನಾಲ್ಕನೆಯ ಜಾಗ ಖಾಲಿ ಇಟ್ಟುಕೊಂಡು ಕಾದೆ. ಅರ್ಜಿ ಕಳಿಸುವ ಹಿಂದಿನ ದಿನ ರೇಡಿಯಾಲಜಿಸ್ಟರ ಪತ್ರ ಬಂತು. ಅದರಲ್ಲಿ ಏನಿತ್ತೋ ನನಗೆ ಇಂದಿಗೂ ಗೊತ್ತಿಲ್ಲ.

ಮಾರ್ಚ್‌ನಲ್ಲಿ ಇಮೇಲ್ ಬಂತು. ಮ್ಯಾನ್‌ಹಟನ್‌ನ ಆಸ್ಪತ್ರೆಯೊಂದರಲ್ಲಿ ನನಗೆ ರೇಡಿಯಾಲಜಿ ಸಿಕ್ಕಿತ್ತು. ಯುಗಾದಿಗೆ ಆ ಬಳಗವೆಲ್ಲ ನಮ್ಮ ಮನೆಯಲ್ಲಿ ಸೇರಿತು. ಊಟಕ್ಕೆ ಕೂತಾಗ ಒಬ್ಬ ಆಂಟಿ ಅಂಕಲ್ ಕಡೆ ತಿರುಗಿ, "ಎಲ್ಲಾ ನಿಮ್ಮ ಲೆಟರ್ ಮಹಿಮೆ ಬಿಡಿ" ಎಂದರು. ಅಂಕಲ್ ನನ್ನ ಮುಖ ನೋಡಿದರು. ನಾನು ತಟ್ಟೆ ನೋಡಿಕೊಂಡೆ.

ಅತ್ತೆ ಸೌಟು ಹಿಡಿದುಕೊಂಡು ಈಚೆಗೆ ಬಂದರು. "ಅಲ್ರೀ. ಒಬ್ರು ಡಾಕ್ಟರು ಅದಾರ. ನನ್ನ ಸೊಸಿ ಮಾರೀನ ನೋಡಿಲ್ಲ ಅವರು. ಬರೇ ಕೆಲಸಾ ನೋಡಿ ಬರದಾರ" ಎಂದು ನಾಲ್ಕು ಮಂದಿಯ ಮುಂದೆಯೇ ಹೇಳಿದರು. ನನ್ನ ಕಣ್ಣು ತುಂಬಿಬಂತು.

ಅಂಕಲ್ ಜೋರಾಗಿ ನಕ್ಕರು. ತಮ್ಮ ತಟ್ಟೆಯ ಒಬ್ಬಟ್ಟನ್ನು ಎತ್ತಿ ಬೆಳಕಿಗೆ ಹಿಡಿದು, "ಇದು?" ಎಂದು ನನ್ನನ್ನೇ ಕೇಳಿದರು.

"ಅಂಗಡೀದೇ ಅಂಕಲ್" ಎಂದೆ.

ಇನ್ನೊಂದು ಹಾಕಿಸಿಕೊಂಡರು.