ವಲಾಂಡಿಯ ಶಿರಾಜ್ ದ್ರಾಕ್ಷಿ

ನಾವು ಜಂಗಮರು, ಮರಾಠಿ ಸೀಮೆಯ ವಲಾಂಡಿಯಲ್ಲಿ ನಮ್ಮ ಶಿಷ್ಯರ ಮನೆಯೊಂದಿದೆ. ಭಾಲ್ಕಿ ಕಡೆಯಿಂದ ಬಂದು ನೆಲೆಸಿದವರು. ಮದುವೆಯಿರಲಿ, ಹೊಲದ ಪೂಜೆಯಿರಲಿ, ಉದಗೀರದಿಂದ ನಾನೇ ಹೋಗಬೇಕು. ಮೊದಲು ನಮ್ಮಪ್ಪ ಹೋಗುತ್ತಿದ್ದರು. ಆ ಮನೆಯ ಯಜಮಾನ ನನ್ನ ವಾರಿಗೆಯವನು. ವರ್ಷಗಟ್ಟಲೆ ಬೀಜವಿಲ್ಲದ ಹಸಿರು ಥಾಮ್ಸನ್ ದ್ರಾಕ್ಷಿ ಬೆಳೆದವನು ಒಂದು ದಿನ ಫೋನ್ ಮಾಡಿ, ಹಳೆಯ ಬಳ್ಳಿ ಕಿತ್ತು ಹೊಸ ತಳಿ ಹಚ್ಚುತ್ತೇನೆ, ಪೂಜೆಗೆ ಬರಬೇಕು ಎಂದ.

ಹೋದೆ. ಮೊದಲ ಸಸಿಗೆ ವಿಭೂತಿ ಹಚ್ಚಲು ಬಾಗಿದವನು, "ಇದು ತಿನ್ನೂದೋ, ಒಣಗಸೂದೋ?" ಎಂದು ಕೇಳಿದೆ.

ಅವನು ಎತ್ತಲೋ ನೋಡುತ್ತ, "ಜ್ಯೂಸಿಂದ್ರೀ ಅಯ್ನೋರ," ಎಂದ.

ಪಕ್ಕದಲ್ಲೇ ಅವನ ತಾಯಿ ನಿಂತಿದ್ದರು. "ಎಲ್ಲೀ ಜ್ಯೂಸು. ದಾರೂ ಮಾಡೂದು. ಅಯ್ನೋರ ಮುಂದ ಸುಳ್ಳ್ಯಾಕ ಹೇಳ್ತಿ?"

ನನ್ನ ಕೈ ಅಲ್ಲೇ ನಿಂತಿತು. ಮಗ ನಾಚಿ ನೆಲ ನೋಡಿದ. ತಾಯಿ ಮಾತ್ರ ಸಮಾಧಾನವಾಗಿಯೇ, "ಬಳ್ಳಿ ಏನ್ ಪಾಪ ಮಾಡ್ಯಾದ್ರೀ? ಅದು ಹಣ್ಣು ಕೊಡ್ತದ. ಮುಂದಿಂದು ಮಂದಿ ಮಾಡೂದು. ಹಚ್ರಿ," ಎಂದರು. ನಗು ತಡೆಯಲಾಗದೆ ಹಚ್ಚಿದೆ.

ಎರಡು ವರ್ಷದ ಮೇಲೆ ಮೊದಲ ಕೊಯ್ಲಿಗೂ ಕರೆಸಿದ. ಗೊಂಚಲುಗಳು ಚಿಕ್ಕವು, ಹಣ್ಣು ಕಡು ಕಪ್ಪು. ಅವನಿಗೋ ಹಿಗ್ಗು. "ಇದರ ಹೆಸರು ಶಿರಾಜ್ ರೀ. ಶಿರಾಜ್ ಅಂದ್ರ ಇರಾನದ ಊರು. ಸುಲ್ತಾನರ ಕಾಲಕ್ಕ ಇರಾನದ ಮಂದಿ ಬೀದರಕ್ಕ ಬಂದಿದ್ರಲ್ಲ, ಈ ಬಳ್ಳೀನೂ ನಮ್ಮ ಕಡೀದೇ ಅಂತ ತಿಳೀರಿ."

ಹಣ್ಣು ಪರೀಕ್ಷಿಸಲು ವೈನ್ ಕಾರಖಾನೆಯಿಂದ ಬಂದಿದ್ದ ತರುಣಿಗೆ ನಮ್ಮ ಮಾತು ಅರ್ಧಂಬರ್ಧ ತಿಳಿಯಿತೆಂದು ತೋರುತ್ತದೆ. ಮರಾಠಿಯಲ್ಲಿ ಮೆಲ್ಲಗೆ ತಿದ್ದಿದಳು: ಹೆಸರಷ್ಟೇ ಇರಾನಿನದು, ಡಿಎನ್ಎ ಪರೀಕ್ಷೆ ಮಾಡಿ ನೋಡಿದರೆ ಈ ತಳಿಯ ತಾಯಿ, ತಂದೆ ಎರಡೂ ಫ್ರಾನ್ಸಿನವೇ. ಅಲ್ಲಿ ಇದನ್ನು ಸಿರಾ ಎನ್ನುತ್ತಾರೆ, ಶಿರಾಜ್ ಎಂದು ಕರೆದವರು ಆಸ್ಟ್ರೇಲಿಯಾದವರು.

ಅವನ ಮುಖ ಸಪ್ಪಗಾಯಿತು. ಅವಳಿಗೆ ಕನಿಕರ ಬಂದಿರಬೇಕು. ಥಾಮ್ಸನ್ ಎಂಬುದು ಮಾತ್ರ ಅಮೆರಿಕೆಯಲ್ಲಿ ಅಂಟಿದ ಹೆಸರು, ಅದರ ಮೂಲ ತುರ್ಕಿ, ಇರಾನ್ ಕಡೆಯದೇ ಎಂದು ಹೇಳಿದಳು.

"ಅಂದ್ರ ನಮ್ಮದನ್ನೇ ಕಿತ್ತಿ ಒಗದೆನಲ್ರೀ," ಎಂದು ತಲೆಯ ಮೇಲೆ ಕೈ ಇಟ್ಟುಕೊಂಡ. ತಾಯಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಕೊನೆಗೆ ಅವನೂ ನಕ್ಕ. ಈಗ ಬಾವಿಯ ಪಕ್ಕ ಒಂದು ಸಾಲು ಥಾಮ್ಸನ್ ಮತ್ತೆ ಹಬ್ಬಿದೆ. ಮೊಮ್ಮಕ್ಕಳಿಗೆ ತಿನ್ನಲು ಬೇಕೆಂದು ತಾಯಿಯ ಹಟ.

ಅವತ್ತು ನನಗೂ ಒಂದು ಚೀಲ ಶಿರಾಜ್ ಕಟ್ಟಿಕೊಟ್ಟರು. ದಪ್ಪ ಸಿಪ್ಪೆ, ಬಾಯಿ ತುಂಬ ಬೀಜ, ಆದರೆ ಅಂಥ ಸಿಹಿ ನಾನು ತಿಂದಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರನೂ ಒಂದು ಗೊಂಚಲು ಕೇಳಿ ಪಡೆದ. ಉದಗೀರ ಮುಟ್ಟುವಷ್ಟರಲ್ಲಿ ಇಬ್ಬರ ತುಟಿಯೂ ನೇರಳೆಯಾಗಿತ್ತು.